ಫುಕೆಟ್, ಕ್ರಾಬಿ ಕಡೆ ಸಿನಿಮಾ ಚಿತ್ರೀಕರಣವಾದ ಜಾಗಗಳು: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು?

ತುಂಗಾತೀರ

ಜನವರಿ ಕೊನೆಯಲ್ಲಿ ವಾರದ ಮಟ್ಟಿಗೆ ತಾಯ್ಲೆಂಡಿನ ಫುಕೆಟ್ ಮತ್ತು ಕ್ರಾಬಿಗೆ ಹೊರಟಿದ್ದೇವೆ. ನಾನು, ಯಜಮಾನರು, ಒಂಬತ್ತನೇ ತರಗತಿಯಲ್ಲಿರುವ ಮಗ ಮತ್ತು ನಮ್ಮ ಮಾವನವರು. ಈ ಪ್ರವಾಸ ಹುಟ್ಟಿದ್ದೇ ಮಾವನವರಿಂದ. ಕಾಲೇಜು ದಿನಗಳಲ್ಲಿ ಶಿವಮೊಗ್ಗದ ಚಿತ್ರಮಂದಿರದಲ್ಲಿ ರೋಜರ್ ಮೂರ್ ಅಭಿನಯದ ಜೇಮ್ಸ್ ಬಾಂಡ್ ಚಿತ್ರ 'ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್' ನೋಡಿದವರು. ಸಮುದ್ರದ ನಡುವೆ ಬುಡ ಸಣ್ಣಗೆ, ತಲೆ ದಪ್ಪಗೆ ನಿಂತಿರುವ ಆ ಬಂಡೆಯನ್ನು ಕಣ್ಣಾರೆ ನೋಡಬೇಕು ಎಂಬುದು ಅವರ ಬಹುಕಾಲದ ಆಸೆ. ಮಗನಿಗೆ ಡೈನೋಸಾರ್ ಹುಚ್ಚು. ಯಜಮಾನರಿಗೆ 'ದಿ ಬೀಚ್' ಚಿತ್ರದ ಮಾಯಾ ಕೊಲ್ಲಿ ಆಗಬೇಕು. ನನಗೆ ಒಂದು ಮರದ ನೆರಳು ಸಿಕ್ಕರೆ ಸಾಕು, ಆದರೆ ಪಟ್ಟಿ ಮಾಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿದೆ.

ಮಾವನವರಿಗೆ ಮಂಡಿ ನೋವಿದೆ, ಹೆಚ್ಚು ಮೆಟ್ಟಿಲು ಹತ್ತಲಾರರು. ನಾವೆಲ್ಲರೂ ಸಸ್ಯಾಹಾರಿಗಳು. ಇಂತಹ ಜಾಗಗಳಿಗೆ ಹೋಗಿ ಬಂದವರು ದಯವಿಟ್ಟು ಹೇಳಿ. ನಿಜವಾಗಿ ನೋಡುವಂಥದ್ದು ಏನಾದರೂ ಇದೆಯೇ, ಅಥವಾ ಫೋಟೊ ತೆಗೆಸಿಕೊಂಡು ವಾಪಸ್ ಬರುವುದಷ್ಟೇ ಕೆಲಸವೇ?

ದ್ವೀಪಸಂಚಾರಿ

ಮೇಡಂ, ಮಾವನವರಿಂದಲೇ ಶುರು ಮಾಡೋಣ, ಹಿರಿಯರ ಬೇಡಿಕೆ ಎಲ್ಲಕ್ಕಿಂತ ಸುಲಭವಾಗಿ ಈಡೇರುವಂಥದ್ದು.

ಅವರು ಹೇಳುತ್ತಿರುವ ಬಂಡೆಯ ಹೆಸರು ಕೋ ತಾಪು. ಫಾಂಗ್ ನ್ಗಾ ಕೊಲ್ಲಿಯಲ್ಲಿದೆ, ಎತ್ತರ ಸುಮಾರು 20 ಮೀಟರ್. ಅದರ ಮೇಲೆ ಯಾರೂ ಇಳಿಯುವುದಿಲ್ಲ. ಇಳಿಯುವುದು ಪಕ್ಕದ ಖಾವ್ ಫಿಂಗ್ ಕಾನ್ ಎಂಬ ದ್ವೀಪದಲ್ಲಿ, ಬಾಂಡ್ ದ್ವೀಪ ಎಂದು ಎಲ್ಲರೂ ಕರೆಯುವುದು ಇದನ್ನೇ. ಅಲ್ಲಿನ ಚಿಕ್ಕ ಮರಳ ದಂಡೆಯಲ್ಲಿ ನಿಂತರೆ ಬಂಡೆ ಎದುರಿಗೇ, ಸುಮಾರು 40 ಮೀಟರ್ ದೂರದಲ್ಲಿ ಕಾಣುತ್ತದೆ. 1998ರಿಂದ ದೋಣಿಗಳು ಬಂಡೆಯ ಹತ್ತಿರಕ್ಕೆ ಹೋಗುವುದನ್ನು ನಿಷೇಧಿಸಿದ್ದಾರೆ. ಸುಣ್ಣಕಲ್ಲಿನ ಬುಡವನ್ನು ಉಬ್ಬರವಿಳಿತದ ನೀರು ದಿನವೂ ತಿನ್ನುತ್ತಿದೆ, ದೋಣಿಗಳ ಅಲೆಯೂ ಸೇರಿದರೆ ಬಂಡೆ ಉಳಿಯುವುದು ಕಷ್ಟ.

ಈಗ ಮುಖ್ಯ ವಿಷಯ. ಫುಕೆಟ್‌ನಿಂದ ಹೊರಡುವ ಗುಂಪು ಪ್ರವಾಸದ ದೋಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಬಿಸಿಲು ಏರಿದ ಮೇಲೆ ಅಲ್ಲಿಗೆ ತಲುಪುತ್ತವೆ. ಆ ಹೊತ್ತಿನಲ್ಲಿ ದಂಡೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಬ್ಬರ ನಂತರ ಒಬ್ಬರು ಅಂಗೈ ಮುಂದೆ ಚಾಚಿ, ಬಂಡೆಯನ್ನು ಹಿಡಿದುಕೊಂಡಂತೆ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ. ಹಿಂದೆ ಮುತ್ತಿನ ಸರ, ಕಪ್ಪೆಚಿಪ್ಪಿನ ಆಟಿಕೆ ಮಾರುವ ಅಂಗಡಿಗಳ ಸಾಲು. ಆ ಗದ್ದಲದಲ್ಲಿ ಮಾವನವರಿಗೆ ಬಾಂಡ್ ಕಾಣಿಸುವುದು ಕಷ್ಟ. ಇದಕ್ಕೆ ಉಪಾಯವಿದೆ. ಬೆಳಿಗ್ಗೆ ಬೇಗ ಕಾರಿನಲ್ಲಿ ಫಾಂಗ್ ನ್ಗಾ ಪಟ್ಟಣದ ಕಡೆಗೆ ಹೊರಡಿ, ಫುಕೆಟ್‌ನಿಂದ ಸುಮಾರು ಒಂದೂವರೆ ಗಂಟೆ. ಅಲ್ಲಿನ ಸುರಕುಲ್ ಜೆಟ್ಟಿಯಲ್ಲಿ ನಿಮ್ಮ ಕುಟುಂಬಕ್ಕೆಂದೇ ಉದ್ದ ದಂಡದ ಮೋಟಾರಿರುವ ಒಂದು ಲಾಂಗ್‌ಟೇಲ್ ದೋಣಿ ಗೊತ್ತುಮಾಡಿಕೊಳ್ಳಿ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಕಾಲುವೆಯಲ್ಲಿ ಸಾಗಿ ಕೊಲ್ಲಿಗೆ ತೆರೆದುಕೊಳ್ಳುತ್ತೀರಿ. ಫುಕೆಟ್ ದೋಣಿಗಳು ಬರುವ ಮೊದಲೇ ನೋಡಿ ಮುಗಿಸಬಹುದು.

ದೋಣಿ ನಿಲ್ಲುವ ಕಡೆಯಿಂದ ದಂಡೆಗೆ ಸ್ವಲ್ಪ ನಡಿಗೆ, ನಡುವೆ ಕೆಲವು ಕಾಂಕ್ರೀಟ್ ಮೆಟ್ಟಿಲುಗಳಿವೆ. ನಿಧಾನವಾಗಿ ಹೋದರೆ ಮಂಡಿ ನೋವಿನವರಿಗೂ ಆಗುತ್ತದೆ. ಲಾಂಗ್‌ಟೇಲ್‌ಗೆ ಹತ್ತಿ ಇಳಿಯುವಾಗ ಮಾತ್ರ ಇಬ್ಬರು ಕೈ ಹಿಡಿಯಬೇಕು.

ಬೆಳ್ಳಿತೆರೆ

ಮೇಲಿನ ಮಾತಿಗೆ ಸಿನಿಮಾದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಹೋಗುವ ಮೊದಲು ಆ ಚಿತ್ರದ ಕೊನೆಯ ಭಾಗವನ್ನು ಮನೆಯಲ್ಲಿ ಎಲ್ಲರೂ ಕುಳಿತು ಮತ್ತೊಮ್ಮೆ ನೋಡಿ. ಬಾಂಡ್ ಕಡಲ ವಿಮಾನದಲ್ಲಿ ಬಂದು ಇಳಿಯುವುದು, ಕ್ರಿಸ್ಟೋಫರ್ ಲೀ ಮಾಡಿರುವ ಸ್ಕರಮಾಂಗನ ಜೊತೆ ಮರಳಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ದ್ವಂದ್ವಕ್ಕೆ ನಿಲ್ಲುವುದು, ಇವೆಲ್ಲ ಅಲ್ಲೇ ತೆಗೆದದ್ದು. ಆದರೆ ಖಳನಾಯಕನ ಗುಹೆಯೊಳಗಿನ ಯಂತ್ರಗಳು, ಕನ್ನಡಿಗಳ ಕೋಣೆ ಎಲ್ಲ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ದ್ವೀಪದಲ್ಲಿ ಬಾಗಿಲು ಎಲ್ಲಿದೆ ಎಂದು ಹುಡುಕುವ ಪ್ರವಾಸಿಗರನ್ನು ನಾನು ಕಂಡಿದ್ದೇನೆ. ಬಾಗಿಲು ಇಲ್ಲ.

ಇನ್ನೊಂದು ಸ್ವಾರಸ್ಯ ಗಮನಿಸಿ. ಫಾಂಗ್ ನ್ಗಾ ಕೊಲ್ಲಿಗೆ ಸಿನಿಮಾದವರು ಅದರದೇ ಪಾತ್ರ ಕೊಟ್ಟದ್ದು ಬಹಳ ಅಪರೂಪ. 1974ರಲ್ಲಿ ಅದು ಚೀನಾದ ಸಮುದ್ರದೊಳಗಿನ ಖಳನಾಯಕನ ಅಡಗುದಾಣ. 1997ರ 'ಟುಮಾರೊ ನೆವರ್ ಡೈಸ್' ಚಿತ್ರದಲ್ಲಿ ಅದೇ ಕೊಲ್ಲಿ ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಯ ವೇಷ ಹಾಕಿತು. 2025ರ 'ಜುರಾಸಿಕ್ ವರ್ಲ್ಡ್ ರೀಬರ್ತ್' ಚಿತ್ರಕ್ಕೆ ಫಾಂಗ್ ನ್ಗಾ, ಕ್ರಾಬಿ, ತ್ರಾಂಗ್ ಕಡೆಗಳಲ್ಲಿ ಚಿತ್ರೀಕರಣ ನಡೆಯಿತು, ಕಥೆಯಲ್ಲಿ ಅದು ಅಟ್ಲಾಂಟಿಕ್ ಸಾಗರದ ದ್ವೀಪ! ನಿಮ್ಮ ಮಗನಿಗೆ ಇದನ್ನು ಹೇಳಿ. ತಾತನ ಬಂಡೆಯೂ ಮೊಮ್ಮಗನ ಡೈನೋಸಾರೂ ಒಂದೇ ನೀರಿನಲ್ಲಿವೆ.

ತುಂಗಾತೀರ

ಬೆಳ್ಳಿತೆರೆ ಅವರೇ, ಇದನ್ನು ಓದಿ ಹೇಳಿದ ತಕ್ಷಣ ಮಗ ಮೊಬೈಲ್ ಪಕ್ಕಕ್ಕಿಟ್ಟು ಎದ್ದು ಬಂದ. ಡೈನೋಸಾರ್ ಜಾಗಗಳನ್ನು ಇನ್ನಷ್ಟು ನಿಖರವಾಗಿ ಹೇಳುತ್ತೀರಾ?

ಬೆಳ್ಳಿತೆರೆ

ಕ್ರಾಬಿಯಲ್ಲಿ ಉಳಿಯುವುದಾದರೆ ಖಾವ್ ಫನೋಮ್ ಬೆಂಚಾ ರಾಷ್ಟ್ರೀಯ ಉದ್ಯಾನದ ಹುಆಯ್ ತೋ ಜಲಪಾತಕ್ಕೆ ಹೋಗಿ. ಚಿತ್ರೀಕರಣವಾದ ಜಾಗಗಳಲ್ಲಿ ಅದೂ ಒಂದು. ಕ್ರಾಬಿ ಪಟ್ಟಣದಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದು. ಜೋಗ ನೋಡಿದವರಿಗೆ ಜಲಪಾತ ಚಿಕ್ಕದೆನಿಸಬಹುದು, ಕಾಡು ಮಾತ್ರ ದಟ್ಟವಾಗಿದೆ. ತ್ರಾಂಗ್ ಪ್ರಾಂತ್ಯದ ಕೋ ಕ್ರಾಡಾನ್ ದ್ವೀಪವೂ ಆ ಚಿತ್ರದಲ್ಲಿದೆ. ಅದು ದಕ್ಷಿಣಕ್ಕೆ ದೂರ, ನಿಮ್ಮ ವಾರದ ಪ್ರವಾಸದಲ್ಲಿ ತುರುಕಬೇಡಿ.

ಕಾಸಿಗೊಂದು

ಎಲ್ಲರೂ ಸೊಗಸಾಗಿ ಬರೆಯುತ್ತಿದ್ದೀರಿ, ದುಡ್ಡಿನ ಮಾತು ಯಾರೂ ಆಡುತ್ತಿಲ್ಲ. ಬಾಂಡ್ ದ್ವೀಪಕ್ಕೆ ವಿದೇಶಿ ವಯಸ್ಕರಿಗೆ ರಾಷ್ಟ್ರೀಯ ಉದ್ಯಾನದ ಶುಲ್ಕ 300 ಬಾತ್ (ಅಲ್ಲಿನ ಹಣ). ಮಾಯಾ ಕೊಲ್ಲಿಗೆ 400 ಬಾತ್. ಅಲ್ಲಿನವರಿಗೆ ಇದಕ್ಕಿಂತ ಬಹಳ ಕಡಿಮೆ. ಒಂದು ಬಂಡೆ ನೋಡಲು, ಅದೂ ದೂರದಿಂದ ನೋಡಲು, ಇಷ್ಟು ಹಣವೇ? ಅನೇಕ ಟಿಕೆಟ್ ಮಾರುವವರು "ಎಲ್ಲವೂ ಸೇರಿ" ಎಂದು ಹೇಳಿ, ದೋಣಿ ಹತ್ತಿದ ಮೇಲೆ ಉದ್ಯಾನದ ಶುಲ್ಕ ಬೇರೆ ಎನ್ನುತ್ತಾರೆ. ನಮ್ಮ ಗುಂಪಿಗೆ ಹೀಗೇ ಆಯಿತು. ಸಾಲದ್ದಕ್ಕೆ ಪಟ್ಟಿಯಲ್ಲಿದ್ದ ಒಂದು ನಿಲ್ದಾಣವನ್ನು "ಸಮುದ್ರ ಸರಿಯಿಲ್ಲ" ಎಂದು ಬಿಟ್ಟರು. ಸಮುದ್ರ ಕೆರೆಯಂತೆ ತಣ್ಣಗಿತ್ತು.

ದ್ವೀಪಸಂಚಾರಿ

ಕಾಸಿಗೊಂದು ಅವರೇ, ಶುಲ್ಕ ಸೇರಿದೆಯೇ ಇಲ್ಲವೇ ಎಂದು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ವಿದೇಶಿಯರಿಗೆ ಬೇರೆ ದರ ಎಂದು ಸಿಟ್ಟಾಗುವ ಹಕ್ಕು ನಮಗಿಲ್ಲ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಅಲ್ಲಿ ಸಾಲಿನಲ್ಲಿ ನಿಂತಾಗ ನಾವು ಯಾರೂ ಪ್ರತಿಭಟಿಸಿದ್ದು ನನಗೆ ನೆನಪಿಲ್ಲ.

ಉಪ್ಪುನೀರು

ನಾನು ನೀರಿನೊಳಗೆ ಇಳಿದು ನೋಡುವ ಹವ್ಯಾಸದವನು, ಆದ್ದರಿಂದ ನನ್ನ ಮಾತು ಸ್ವಲ್ಪ ಖಾರವಾಗಿರಬಹುದು. ತುಂಗಾತೀರ ಅವರೇ, ಯಜಮಾನರಿಗೆ ಮಾಯಾ ಕೊಲ್ಲಿ ಬಿಡಲು ಹೇಳಿ.

ಕಾರಣ ಕೇಳಿ. ಮಾಯಾ ಕೊಲ್ಲಿ ಇರುವ ಫಿ ಫಿ ಲೇ ಎಂಬುದು ಜನವಸತಿಯಿಲ್ಲದ, ರಾಷ್ಟ್ರೀಯ ಉದ್ಯಾನದೊಳಗಿನ ದ್ವೀಪ. 1999ರಲ್ಲಿ 'ದಿ ಬೀಚ್' ಚಿತ್ರತಂಡ ಅಲ್ಲಿಗೆ ಬಂದಾಗ, ಅಲ್ಲಿದ್ದ ಕಡಲತೀರ ಅವರ ಕಣ್ಣಿಗೆ ಸಾಕಷ್ಟು "ಉಷ್ಣವಲಯದ ಸ್ವರ್ಗ"ದಂತೆ ಕಾಣಲಿಲ್ಲ. ಮರಳ ದಿಬ್ಬಗಳನ್ನು ಯಂತ್ರದಿಂದ ಸಮತಟ್ಟು ಮಾಡಿದರು, ಮರಳನ್ನು ಹಿಡಿದಿಟ್ಟಿದ್ದ ಗಿಡಗಂಟಿಗಳನ್ನು ಕಿತ್ತರು, ತೆಂಗಿನ ಗಿಡಗಳನ್ನು ತಂದು ನೆಟ್ಟರು. ಸ್ಥಳೀಯ ಆಡಳಿತ ಮತ್ತು ಪರಿಸರದ ಪರ ಇದ್ದವರು ನ್ಯಾಯಾಲಯಕ್ಕೆ ಹೋದರು. ಹಾನಿಯಾಗಿದೆ ಎಂಬುದನ್ನು 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಪ್ರಕರಣ ಪೂರ್ತಿ ಮುಗಿದದ್ದು 2022ರಲ್ಲಿ, ನಿರ್ಮಾಣ ಸಂಸ್ಥೆ ಒಂದು ಕೋಟಿ ಬಾತ್ ಕೊಡಲು ಒಪ್ಪಿಕೊಂಡ ಮೇಲೆ.

ಆದರೆ ಚಿತ್ರತಂಡ ಮಾಡಿದ ಹಾನಿಗಿಂತ ಚಿತ್ರ ನೋಡಿ ಬಂದವರು ಮಾಡಿದ ಹಾನಿ ದೊಡ್ಡದು. ಕೊನೆಕೊನೆಗೆ ಆ ಪುಟ್ಟ ಕೊಲ್ಲಿಗೆ ದಿನಕ್ಕೆ 5000 ಜನ ಬರುತ್ತಿದ್ದರು. ದೋಣಿಗಳು ನೇರ ದಂಡೆಗೇ ಬಂದು ಲಂಗರು ಹಾಕುತ್ತಿದ್ದವು, ಹವಳದ ಮೇಲೇ. 2018ರ ಜೂನ್‌ನಲ್ಲಿ ಮುಚ್ಚಿದರು. ಮೊದಲು ಕೆಲವೇ ತಿಂಗಳು ಎಂದಿದ್ದರು, ಮತ್ತೆ ತೆರೆದದ್ದು 2022ರ ಜನವರಿ 1ಕ್ಕೆ. ಜನ ಇಲ್ಲದ ಆ ಅವಧಿಯಲ್ಲಿ ಕಪ್ಪು ತುದಿಯ ರೆಕ್ಕೆಯ ಶಾರ್ಕ್‌ಗಳು ಮರಳಿ ಬಂದವು. ಮರಿಗಳು ಮೊಣಕಾಲು ಮುಳುಗದಷ್ಟು ನೀರಿನಲ್ಲಿ ಓಡಾಡುತ್ತಿದ್ದವು. ಈಗ ಮತ್ತೆ ನಾವು ನೀವು ಹೋಗಿ ನಿಂತರೆ?

ದ್ವೀಪಸಂಚಾರಿ

ಉಪ್ಪುನೀರು ಅವರ ಇತಿಹಾಸ ಸರಿಯಾಗಿದೆ, ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಇಂದಿನ ಮಾಯಾ ಕೊಲ್ಲಿ 2017ರ ಮಾಯಾ ಕೊಲ್ಲಿಯಲ್ಲ. ದೋಣಿ ಕೊಲ್ಲಿಯೊಳಗೆ ಬರುವಂತೆಯೇ ಇಲ್ಲ. ದ್ವೀಪದ ಹಿಂಬದಿಯ ಲೋ ಸಾಮಾ ಕೊಲ್ಲಿಯಲ್ಲಿ ತೇಲುವ ಜೆಟ್ಟಿಗೆ ಬಂದು ಇಳಿಯಬೇಕು, ಅಲ್ಲಿಂದ ಮರದ ಹಲಗೆಯ ದಾರಿಯಲ್ಲಿ ಗಿಡಗಳ ನಡುವೆ ನಡೆದು ಈ ಕಡೆಗೆ ಬರಬೇಕು. ಸರದಿಯ ಮೇಲೆ ಬಿಡುತ್ತಾರೆ, ಈಜಲು ಬಿಡುವುದಿಲ್ಲ, ಮೊಣಕಾಲಿನ ಮಟ್ಟದವರೆಗೆ ಇಳಿಯಬಹುದು ಅಷ್ಟೇ. ಆಚೆ ಹೋದರೆ ಕಾವಲಿನವರು ಸೀಟಿ ಊದುತ್ತಾರೆ. ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಮುಚ್ಚುತ್ತಾರೆ. ಜನವರಿಯಲ್ಲಿ ತೊಂದರೆಯಿಲ್ಲ.

ನಿಯಮ ಪಾಲಿಸಿ ಹೋಗುವ ಪ್ರವಾಸಿಯ ಶುಲ್ಕದಿಂದಲೇ ಆ ಕಾವಲು ನಡೆಯುವುದು. ಯಾರೂ ಹೋಗದಿದ್ದರೆ ಕೊಲ್ಲಿಯನ್ನು ಕಾಯಬೇಕೆಂಬ ಆಸಕ್ತಿ ಸರ್ಕಾರಕ್ಕೆ ಎಷ್ಟು ದಿನ ಇದ್ದೀತು?

ಉಪ್ಪುನೀರು

ಆ ವಾದವನ್ನು ಎಲ್ಲ ಕಡೆ ಕೇಳಿದ್ದೇನೆ. 1999ಕ್ಕೂ ಮೊದಲು ಆ ಕೊಲ್ಲಿಗೆ ಬೇಕಾಗಿದ್ದದ್ದು ಕಾವಲಲ್ಲ, ಜನ ಅದನ್ನು ಮರೆಯುವುದು.

ಬೆಳ್ಳಿತೆರೆ

ಇಬ್ಬರ ಜಗಳದ ನಡುವೆ ನುಸುಳುತ್ತೇನೆ. 'ದಿ ಬೀಚ್' ನೋಡಿ ಹೋಗುವವರಿಗೆ ಮಾಯಾ ಕೊಲ್ಲಿಯಲ್ಲಿ ಒಂದು ನಿರಾಸೆ ಕಾದಿರುತ್ತದೆ. ಚಿತ್ರದಲ್ಲಿ ಕೊಲ್ಲಿ ನಾಲ್ಕೂ ಕಡೆ ಬಂಡೆಗೋಡೆಯಿಂದ ಮುಚ್ಚಿಕೊಂಡಿದೆ, ಹೊರಗಿನವರಿಗೆ ಕಾಣುವುದೇ ಇಲ್ಲ. ನಿಜದಲ್ಲಿ ಒಂದು ಕಡೆ ಸಮುದ್ರಕ್ಕೆ ತೆರೆದಿದೆ. ಅಲ್ಲಿ ಬಂಡೆಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿದ್ದಾರೆ. ನಾಯಕ ಧುಮುಕುವ ಜಲಪಾತ ದ್ವೀಪದಲ್ಲಿ ಇಲ್ಲವೇ ಇಲ್ಲ. ಅದು ಬ್ಯಾಂಕಾಕ್‌ನ ಈಶಾನ್ಯಕ್ಕಿರುವ ಖಾವ್ ಯಾಯ್ ರಾಷ್ಟ್ರೀಯ ಉದ್ಯಾನದ ಹೇವ್ ಸುವಾತ್ ಜಲಪಾತ, ಸಮುದ್ರದಿಂದ ಬಲು ದೂರ. ಲಿಯೊನಾರ್ಡೊ ಡಿಕಾಪ್ರಿಯೊ ಬ್ಯಾಂಕಾಕ್‌ನ ಅಗ್ಗದ ವಸತಿಗೃಹದಲ್ಲಿ ಇಳಿದುಕೊಳ್ಳುವ ದೃಶ್ಯವಿದೆಯಲ್ಲ, ಅದು ಬ್ಯಾಂಕಾಕೂ ಅಲ್ಲ, ಫುಕೆಟ್ ಪಟ್ಟಣ. ಅಂದರೆ ಒಂದು ದಾರಿಯಲ್ಲಿ ನಡೆಯುವಂತೆ ಕಾಣುವ ಕಥೆಯನ್ನು ಮೂರು ಮೂಲೆಗಳಲ್ಲಿ ತೆಗೆದು ಹೊಲಿದಿದ್ದಾರೆ. ಆ ಹೊಲಿಗೆ ಎಲ್ಲೆಲ್ಲಿದೆ ಎಂದು ಪತ್ತೆಹಚ್ಚುವುದೇ ನನ್ನಂಥವರಿಗೆ ಮಜಾ. ಸೆಟ್ಟು ಎಲ್ಲಿ, ನಿಜ ಎಲ್ಲಿ ಎಂದು ಗೊತ್ತಿದ್ದರೆ ನಿರಾಸೆಯಾಗುವುದಿಲ್ಲ.

ನಮ್ಮಲ್ಲೂ ಹೀಗೇ ಅಲ್ಲವೇ? 'ಶೋಲೆ' ನೋಡಿ ರಾಮನಗರಕ್ಕೆ ಹೋದವರು ರಾಮಗಢ ಹಳ್ಳಿ ಎಲ್ಲಿ ಎಂದು ಕೇಳುತ್ತಾರೆ. ಆ ಸೆಟ್ಟನ್ನು ಎಂದೋ ಕಳಚಿದ್ದಾರೆ. ಉಳಿದಿರುವುದು ಬಂಡೆಬೆಟ್ಟಗಳು ಮತ್ತು ರಣಹದ್ದುಗಳು. 2012ರಿಂದ ರಾಮದೇವರ ಬೆಟ್ಟ ರಣಹದ್ದುಗಳ ವನ್ಯಧಾಮ. ಗಬ್ಬರ್‌ನನ್ನು ಹುಡುಕಿ ಹೋದವರು ತಲೆಯೆತ್ತಿ ನೋಡಿದರೆ ಅದಕ್ಕಿಂತ ಒಳ್ಳೆಯದೇ ಸಿಗುತ್ತದೆ.

ಹಳೆಪೇಟೆ

ಮಂಗಳೂರಿನವನು, ಹೋಟೆಲ್ ಉದ್ಯಮದ ಕೆಲಸದ ಮೇಲೆ ಫುಕೆಟ್ ಪಟ್ಟಣದಲ್ಲೇ ವಾಸ. ಇಷ್ಟು ಮಾತಿನ ನಡುವೆ ಪಟ್ಟಣವನ್ನು ಒಬ್ಬರೇ ನೆನೆದದ್ದು ನೋಡಿ ಸ್ವಲ್ಪ ಬೇಸರವಾಯಿತು. ಇಲ್ಲಿಗೆ ಬರುವ ನಮ್ಮವರೆಲ್ಲ ವಿಮಾನ ನಿಲ್ದಾಣದಿಂದ ನೇರ ಪತೋಂಗ್ ಕಡಲತೀರಕ್ಕೆ, ಅಲ್ಲಿಂದ ದೋಣಿಗೆ, ಮತ್ತೆ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ.

ಬೆಳ್ಳಿತೆರೆ ಅವರು ಹೇಳಿದ ವಸತಿಗೃಹ ಫಾಂಗ್ ನ್ಗಾ ರಸ್ತೆಯ ಆನ್ ಆನ್ ಹೋಟೆಲ್. ಸುಮಾರು ಒಂದು ಶತಮಾನದಷ್ಟು ಹಳೆಯ ಕಟ್ಟಡ. ಚಿತ್ರದಲ್ಲಿ ಗೋಡೆ ಕಿತ್ತುಹೋದ, ಮಂಕು ದೀಪದ, ಪಕ್ಕದ ಕೋಣೆಯ ಮಾತೆಲ್ಲ ಕೇಳಿಸುವ ಜಾಗವಾಗಿ ಕಾಣುತ್ತದೆ. ಈಗ ನವೀಕರಿಸಿ ಸುಣ್ಣಬಣ್ಣ ಬಳಿದು ಚೊಕ್ಕಟ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಸಾಕು. ಅದೇ ಬೀದಿಯಲ್ಲಿ, ಪಕ್ಕದ ಥಲಾಂಗ್ ರಸ್ತೆಯಲ್ಲಿ ನಡೆಯಿರಿ. ಸಾಲು ಮಳಿಗೆಗಳ ಮುಂದೆ ಕಮಾನು ಕಮಾನಾಗಿ ಮುಚ್ಚಿದ ನಡೆದಾರಿ ಇದೆ. ಮಳೆ ಬಿಸಿಲು ಎರಡೂ ತಾಗುವುದಿಲ್ಲ. ತವರದ ಗಣಿಗಳ ಕಾಲದಲ್ಲಿ ಚೀನಾದ ಹೊಕ್ಕಿಯೆನ್ ಜನ ಬಂದು ಕಟ್ಟಿದ ಊರು ಇದು. ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯೆ ಆಕಾಶಕ್ಕೆ ತೆರೆದ ಅಂಗಳ. ನಮ್ಮ ಹಳೆಯ ತೊಟ್ಟಿಮನೆ ನೋಡಿದ ಹಿರಿಯರಿಗೆ ಆ ಅಂಗಳ ತಕ್ಷಣ ಗುರುತು ಹತ್ತುತ್ತದೆ.

1984ರ 'ದಿ ಕಿಲ್ಲಿಂಗ್ ಫೀಲ್ಡ್ಸ್' ಚಿತ್ರಕ್ಕೂ ಈ ಪಟ್ಟಣದಲ್ಲಿ ಚಿತ್ರೀಕರಣ ನಡೆದಿದೆ. ಕಾಂಬೋಡಿಯಾದ ನೋಮ್ ಪೆನ್ ನಗರದ ಫ್ರೆಂಚ್ ರಾಯಭಾರ ಕಚೇರಿಯಾಗಿ ಅದರಲ್ಲಿ ಕಾಣುವುದು ಇಲ್ಲಿನ ಪ್ರಾಂತೀಯ ಆಡಳಿತ ಭವನ. ಅದೂ ಬೇರೆ ಊರಿನ ವೇಷವೇ, ಬೆಳ್ಳಿತೆರೆ ಅವರ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಮೆಟ್ಟಿಲಿಲ್ಲ, ದೋಣಿಯಿಲ್ಲ, ಶುಲ್ಕವಿಲ್ಲ. ಮಂಡಿ ನೋವಿನವರಿಗೆ ಇಡೀ ದ್ವೀಪದಲ್ಲಿ ಇದಕ್ಕಿಂತ ಸುಲಭದ ಸಿನಿಮಾ ಪ್ರವಾಸ ಇಲ್ಲ.

ಕಾಸಿಗೊಂದು

ಶುಲ್ಕವಿಲ್ಲ ಎಂದಿರಲ್ಲ, ಹಳೆಪೇಟೆ ಅವರೇ, ನೀವು ನನ್ನ ಮನಸ್ಸಿನವರು.

ತುಂಗಾತೀರ

ಹಳೆಪೇಟೆ ಅವರಿಗೆ ವಿಶೇಷ ಧನ್ಯವಾದ. ಊಟದ ವಿಷಯವೂ ನಿಮಗೇ ಗೊತ್ತಿರಬೇಕು. ದೋಣಿ ಪ್ರವಾಸದಲ್ಲಿ ಕೊಡುವ ಊಟವನ್ನು ನಂಬಬಹುದೇ?

ಹಳೆಪೇಟೆ

ಅಕ್ಕ, "ತರಕಾರಿ ಊಟ" ಎಂದು ಹೇಳಿದರೆ ಮೇಲೆ ತರಕಾರಿ ಕಾಣುತ್ತದೆ, ಒಳಗೆ ಮೀನಿನ ಸಾರದ ಉಪ್ಪುರಸ ಇರುತ್ತದೆ. ಅವರಿಗೆ ಅದು ನಮ್ಮ ಉಪ್ಪಿನಷ್ಟೇ ಸಹಜ, ಬೇಕೆಂದು ಮೋಸ ಮಾಡುವುದಲ್ಲ. "ಜೇ" ಎಂದು ಹೇಳಿ. ಚೀನೀ ಮೂಲದ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರುವ ಅಂಗಡಿಗಳಲ್ಲಿ ಸಿಗುತ್ತದೆ, ಪಟ್ಟಣದಲ್ಲಿ ಇಂತಹವು ವರ್ಷವಿಡೀ ಇವೆ. ಈ ಊರಿನ ದೊಡ್ಡ ಸಸ್ಯಾಹಾರ ಹಬ್ಬ ಬರುವುದು ಸೆಪ್ಟೆಂಬರ್ ಇಲ್ಲವೇ ಅಕ್ಟೋಬರಿನಲ್ಲಿ, ಅದು ನಿಮಗೆ ಸಿಗುವುದಿಲ್ಲ.

ಬಾಂಡ್ ದ್ವೀಪದ ಗುಂಪು ಪ್ರವಾಸಗಳು ಮಧ್ಯಾಹ್ನದ ಊಟಕ್ಕೆ ಸಾಮಾನ್ಯವಾಗಿ ಕೋ ಪನ್ಯಿಯಲ್ಲಿ ನಿಲ್ಲಿಸುತ್ತವೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮುಸ್ಲಿಂ ಮೀನುಗಾರರ ಹಳ್ಳಿ, ಮಸೀದಿ ಮಾತ್ರ ಬಂಡೆಯ ಪಕ್ಕದ ನೆಲದ ಮೇಲಿದೆ. ನೋಡಲು ಚೆನ್ನ, ಊಟ ಪೂರ್ತಿ ಮೀನುಮಯ. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಹಳ್ಳಿಯ ಒಳಗಿನ ಓಣಿಗಳಲ್ಲಿ ಸ್ವಲ್ಪ ಹೊತ್ತು ನಡೆಯಿರಿ. ಊಟದ ಸಾಲುಮನೆಗಳ ಹಿಂದೆ ಶಾಲೆ ಇದೆ, ಮಕ್ಕಳ ತೇಲುವ ಫುಟ್‌ಬಾಲ್ ಅಂಗಣ ಇದೆ.

ನೀಲಿಪುಟ

ತಾಯ್ಲೆಂಡ್ ಯಾಕೆ? ನಮ್ಮ ಅಂಡಮಾನಿಗೆ ಹೋಗಿ. 1996ರ ಮಲಯಾಳಂ 'ಕಾಲಾಪಾನಿ' ಚಿತ್ರೀಕರಣವಾದ ಸೆಲ್ಯುಲರ್ ಜೈಲು ಇದೆ. ಹ್ಯಾವ್‌ಲಾಕ್‌ನಲ್ಲಿ ರಾಜನ್ ಎಂಬ ಆನೆ ಸಮುದ್ರದಲ್ಲಿ ಈಜುತ್ತಿತ್ತು, 2006ರ 'ದಿ ಫಾಲ್' ಚಿತ್ರದಲ್ಲಿ ಅದು ಬಂದಿದೆ. ಪಾಸ್‌ಪೋರ್ಟೂ ಬೇಡ.

ದ್ವೀಪಸಂಚಾರಿ

ಅಂಡಮಾನ್ ಚೆನ್ನಾಗಿದೆ, ಸೆಲ್ಯುಲರ್ ಜೈಲನ್ನು ಎಲ್ಲರೂ ನೋಡಲೇಬೇಕು. ಆದರೆ ರಾಜನ್ 2016ರಲ್ಲೇ ತೀರಿಕೊಂಡಿತು. ಅದಲ್ಲದೆ ಮಾವನವರ ಬಾಂಡ್ ಪೋರ್ಟ್ ಬ್ಲೇರಿಗೆ ಬಂದಿಲ್ಲ.

ಬೆಳಗಿನಜಾವ

ಇಲ್ಲಿ ಯಾರೂ ಹೇಳದ ಒಂದು ಜಾಗ ಇದೆ. ಫುಕೆಟ್‌ನಿಂದ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಖಾವ್ ಲಾಕ್. 2004ರ ಡಿಸೆಂಬರ್ 26ರ ಸುನಾಮಿ ತಾಯ್ಲೆಂಡಿನಲ್ಲಿ ಅತಿ ಹೆಚ್ಚು ಜೀವ ತೆಗೆದುಕೊಂಡ ಕಡೆಗಳಲ್ಲಿ ಅದು ಒಂದು. ಆ ದುರಂತದಲ್ಲಿ ಸಿಕ್ಕಿ ಬದುಕುಳಿದ ಒಂದು ಸ್ಪ್ಯಾನಿಷ್ ಕುಟುಂಬದ ಅನುಭವ ಆಧರಿಸಿದ 'ದಿ ಇಂಪಾಸಿಬಲ್' 2012ರಲ್ಲಿ ಬಂತು. ಖಾವ್ ಲಾಕ್‌ನಲ್ಲೇ ಚಿತ್ರೀಕರಣ ಮಾಡಿದರು. ನೀರಿನ ಹೊಡೆತದ ದೃಶ್ಯಗಳನ್ನು ಮಾತ್ರ ಸ್ಪೇನಿನ ಸ್ಟುಡಿಯೋದ ದೊಡ್ಡ ತೊಟ್ಟಿಯಲ್ಲಿ ತೆಗೆದರು.

ನಾನು ಆ ಚಿತ್ರಕ್ಕಾಗಿಯೇ ಹೋಗಿದ್ದೆ. ಹೋದ ಮೇಲೆ ಚಿತ್ರ ನೆನಪಾಗಲೇ ಇಲ್ಲ. ಅಲ್ಲಿ 813 ಎಂಬ ಸಂಖ್ಯೆಯ ಪೊಲೀಸ್ ಗಸ್ತು ದೋಣಿ ಇದೆ. ಸಮುದ್ರದಲ್ಲಿ ಲಂಗರು ಹಾಕಿದ್ದ ಉಕ್ಕಿನ ದೋಣಿ ಅದು. ಅಲೆ ಅದನ್ನು ಎತ್ತಿ ಒಂದು ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ತಂದು ಬಿಟ್ಟಿದೆ. ಬಿದ್ದ ಕಡೆಯೇ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಸುತ್ತ ಹುಲ್ಲು, ಮರ, ಹೆದ್ದಾರಿ. ದೋಣಿಯ ಪಕ್ಕ ನಿಂತು ಸಮುದ್ರ ಎಲ್ಲಿದೆ ಎಂದು ತಿರುಗಿ ನೋಡಿದರೆ ಕಾಣುವುದಿಲ್ಲ. ಮಗನಿಗೆ ಒಂಬತ್ತನೇ ತರಗತಿ ಎಂದಿರಿ, ಅವನಿಗೆ ಅರ್ಥವಾಗುವ ವಯಸ್ಸು. ಅಲ್ಲಿ ನಗುತ್ತ ಫೋಟೊ ತೆಗೆಸಿಕೊಳ್ಳುವವರೂ ಇದ್ದರು. ನೀವು ಹಾಗೆ ಮಾಡುವುದಿಲ್ಲ ಎಂದುಕೊಂಡಿದ್ದೇನೆ.

ಉಪ್ಪುನೀರು

ಬೆಳಗಿನಜಾವ ಅವರ ಸಲಹೆಗೆ ನನ್ನ ಪೂರ್ಣ ಒಪ್ಪಿಗೆ. ಮಾಯಾ ಕೊಲ್ಲಿಯ ದಿನವನ್ನು ಇದಕ್ಕೆ ಕೊಡಿ.

ತುಂಗಾತೀರ

ಎಲ್ಲರ ಮಾತು ಓದಿ, ಮನೆಯಲ್ಲಿ ಒಂದು ಸುತ್ತು ವಾಗ್ವಾದ ಮುಗಿಸಿ, ಯೋಜನೆ ಹೀಗೆ ಮಾಡಿದ್ದೇವೆ. ಮೊದಲು ಫುಕೆಟ್ ಪಟ್ಟಣದಲ್ಲೇ ವಾಸ, ಪತೋಂಗ್ ಇಲ್ಲ. ಅಲ್ಲಿಂದ ಬೆಳಿಗ್ಗೆ ಬೇಗ ಫಾಂಗ್ ನ್ಗಾ, ಲಾಂಗ್‌ಟೇಲ್‌ನಲ್ಲಿ ಬಾಂಡ್ ದ್ವೀಪ ಮತ್ತು ಪನ್ಯಿ ಹಳ್ಳಿ. ಅದೇ ದಿನ ಸಂಜೆ ರಸ್ತೆಯಲ್ಲಿ ಮುಂದೆ ಕ್ರಾಬಿಗೆ ಹೋಗಿ ಉಳಿಯುವುದು. ಮರುದಿನ ಮಗನ ಜಲಪಾತ. ಮಾಯಾ ಕೊಲ್ಲಿ ಬಿಡಲು ಯಜಮಾನರು ಒಪ್ಪಲಿಲ್ಲ. ಉಪ್ಪುನೀರು ಅವರ ಬರಹವನ್ನು ಪೂರ್ತಿ ಓದಿಸಿದೆ. ಓದಿ, "ಶಾರ್ಕ್ ಮರಿ ಇದೆಯಂತಾ?" ಎಂದು ಕೇಳಿದರು. ಖಾವ್ ಲಾಕ್‌ಗೆ ಹೋಗಬೇಕೆಂದು ಮಗನೇ ಹೇಳಿದ, ಅದನ್ನು ವಾಪಸ್ ಬರುವಾಗ ಸೇರಿಸುತ್ತಿದ್ದೇವೆ.

ಸ್ಪೀಡ್ ಬೋಟ್ ಬಗ್ಗೆ ಮಾತ್ರ ಹೆದರಿಕೆ ಇದೆ.

ದ್ವೀಪಸಂಚಾರಿ

ಯೋಜನೆ ಚೆನ್ನಾಗಿದೆ. ಬಾಂಡ್ ದ್ವೀಪದಿಂದ ಕ್ರಾಬಿಗೆ ರಸ್ತೆಯಲ್ಲಿ ಹೋಗುವುದು ಜಾಣತನ, ಹಿಂದಕ್ಕೆ ಫುಕೆಟ್‌ಗೆ ಬಂದು ಮತ್ತೆ ಹೋಗುವುದು ತಪ್ಪುತ್ತದೆ.

ಸ್ಪೀಡ್ ಬೋಟ್ ಅಲೆಯ ಮೇಲೆ ಕುಪ್ಪಳಿಸುವಾಗ ಮುಂಭಾಗದಲ್ಲಿ ಕುಳಿತವರ ಬೆನ್ನು, ಮಂಡಿ ಎರಡೂ ಲಯ ತಪ್ಪುತ್ತವೆ. ಮಾವನವರನ್ನು ಹಿಂಭಾಗದಲ್ಲಿ ಕೂರಿಸಿ. ಇನ್ನೂ ಒಳ್ಳೆಯದು ದೊಡ್ಡ ಫೆರ್ರಿ. ಕ್ರಾಬಿಯಿಂದ ಫಿ ಫಿ ಡಾನ್ ದ್ವೀಪಕ್ಕೆ ಫೆರ್ರಿಯಲ್ಲಿ ಹೋಗಿ ಒಂದು ರಾತ್ರಿ ಉಳಿದುಕೊಳ್ಳಿ. ಬೆಳಿಗ್ಗೆ ಅಲ್ಲಿಂದ ಲಾಂಗ್‌ಟೇಲ್ ಹಿಡಿದರೆ ಫುಕೆಟ್, ಕ್ರಾಬಿ ಕಡೆಯ ದೋಣಿಗಳು ಬರುವ ಮೊದಲೇ ಮಾಯಾ ಕೊಲ್ಲಿಯಲ್ಲಿರುತ್ತೀರಿ. ಬೆಳಗಿನ ಹೊತ್ತು, ಜನ ಕಡಿಮೆ ಇದ್ದಾಗ, ದಂಡೆಯಲ್ಲಿ ಸುಮ್ಮನೆ ನಿಂತರೆ ಯಜಮಾನರಿಗೆ ಶಾರ್ಕ್ ಮರಿ ಕಾಣುವ ಸಂಭವವೂ ಹೆಚ್ಚು. ಮಾವನವರು ಬಯಸಿದರೆ ಫಿ ಫಿ ಡಾನ್‌ನಲ್ಲೇ ಉಳಿಯಬಹುದು, ಅಲ್ಲಿ ನಿಮಗೆ ಬೇಕಾದ ಮರದ ನೆರಳೂ ಇದೆ.

ಹೊರಡುವ ಮೊದಲು ತಾಯ್ಲೆಂಡಿನ ಡಿಜಿಟಲ್ ಆಗಮನ ಪತ್ರವನ್ನು ಅಂತರಜಾಲದಲ್ಲಿ ತುಂಬಿ. 2025ರ ಮೇ ತಿಂಗಳಿಂದ ಅದು ಕಡ್ಡಾಯ, ಅಧಿಕೃತ ತಾಣದಲ್ಲಿ ಉಚಿತ. ಹಣ ಕೇಳುವ ನಕಲಿ ತಾಣಗಳು ಬೇಕಾದಷ್ಟಿವೆ. ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ದಿನ ರಾಯಭಾರ ಕಚೇರಿಯ ತಾಣದಲ್ಲೇ ನೋಡಿ, ಅದು ಆಗಾಗ ಬದಲಾಗುತ್ತದೆ. ದಂಡೆಯಿಂದ ಹವಳದ ಚೂರು, ಚಿಪ್ಪು ಹೆಕ್ಕಿಕೊಳ್ಳಬೇಡಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ. ನೋಂದಣಿ ಬೇಕು, ಉದ್ಯಾನದೊಳಗೆ ಪ್ರತ್ಯೇಕ ಅನುಮತಿಯೂ ಬೇಕು.

ತುಂಗಾತೀರ

ಮಾವನವರು ಪಕ್ಕದಲ್ಲೇ ಕುಳಿತು ಇದನ್ನು ಬರೆಸುತ್ತಿದ್ದಾರೆ: "ಆ ದ್ವಂದ್ವದ ದೃಶ್ಯದಲ್ಲಿ ಇಬ್ಬರೂ ಇಪ್ಪತ್ತು ಇಪ್ಪತ್ತು ಹೆಜ್ಜೆ ನಡೆಯಬೇಕು. ಬಲ್ಲವರು ತಿಳಿಸಿ, ನಿಜವಾದ ದಂಡೆಯಲ್ಲಿ ಅಷ್ಟು ಜಾಗ ಇದೆಯೇ?"

ಬೆಳ್ಳಿತೆರೆ

ಸರ್, ಇಂತಹ ಪ್ರಶ್ನೆ ಕೇಳುವವರಿಗಾಗಿಯೇ ನಾನು ಇಲ್ಲಿ ಬರೆಯುವುದು! ಉತ್ತರ ಉಬ್ಬರವಿಳಿತದ ಮೇಲೆ ನಿಂತಿದೆ. ನೀರು ಇಳಿದಾಗ ಮರಳು ಅಗಲವಾಗಿ ತೆರೆದುಕೊಳ್ಳುತ್ತದೆ, ನಡೆಯಲು ಜಾಗ ಸಿಗುತ್ತದೆ. ತುಂಬು ಉಬ್ಬರದಲ್ಲಿ ಹೋದರೆ ಹತ್ತು ಹೆಜ್ಜೆಗೇ ನೀರಿಗೆ ಇಳಿಯುತ್ತೀರಿ ಇಲ್ಲವೇ ಮುತ್ತಿನ ಅಂಗಡಿಗೆ ಡಿಕ್ಕಿ ಹೊಡೆಯುತ್ತೀರಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜೋರು, ಪಂಚಾಂಗ ನಿಮ್ಮ ಮನೆಯಲ್ಲೇ ಇರುತ್ತದೆ. ಫಾಂಗ್ ನ್ಗಾದ ಉಬ್ಬರದ ವೇಳಾಪಟ್ಟಿಯನ್ನು ದೋಣಿಯವನಿಗೆ ತೋರಿಸಿ ಹೊರಡುವ ಹೊತ್ತು ನಿಗದಿಮಾಡಿಕೊಳ್ಳಿ. ನೀರು ತೀರಾ ಇಳಿದಾಗ ಕಾಂಡ್ಲಾ ಕಾಲುವೆಯಲ್ಲಿ ದೋಣಿ ಕೆಸರಿಗೆ ತಾಗುವುದೂ ಉಂಟು, ಆ ವಿಚಾರದಲ್ಲಿ ಅವನ ಮಾತೇ ಕೊನೆ.

ಹಳೆಪೇಟೆ

ಥಲಾಂಗ್ ರಸ್ತೆಯಲ್ಲಿ ಭಾನುವಾರ ಸಂಜೆ ವಾಹನ ನಿಲ್ಲಿಸಿ ಸಂತೆ ಹಾಕುತ್ತಾರೆ. ಪಟ್ಟಣದಲ್ಲಿ ಉಳಿಯುವ ದಿನಗಳಲ್ಲಿ ಭಾನುವಾರ ಬರುವಂತೆ ನೋಡಿಕೊಳ್ಳಿ, ಆದರೆ ಕಟ್ಟಡಗಳನ್ನು ನೋಡಲು ಬೇರೆ ದಿನ ಬೆಳಿಗ್ಗೆಯೇ ಹೋಗಿ. ಸಂತೆಯ ದಿನ ಕಮಾನುಗಳು ಕಾಣುವುದಿಲ್ಲ, ಬರೀ ತಲೆಗಳು ಕಾಣುತ್ತವೆ.

ಹೊಸಬ

ನಾವು ನವೆಂಬರಿನಲ್ಲಿ ಕೋ ಸಮುಯಿಗೆ ಹೊರಟಿದ್ದೇವೆ, 'ದಿ ವೈಟ್ ಲೋಟಸ್' ಮೂರನೇ ಸರಣಿ ನೋಡಿದ ಪ್ರಭಾವ. ಇದೇ ಸಲಹೆಗಳು ಅಲ್ಲಿಗೂ ಅನ್ವಯಿಸುತ್ತವೆಯೇ?

ದ್ವೀಪಸಂಚಾರಿ

ಇಲ್ಲ. ಸಮುಯಿ ಇರುವುದು ಆಚೆ ಬದಿಯ ತಾಯ್ಲೆಂಡ್ ಕೊಲ್ಲಿಯಲ್ಲಿ, ಅಲ್ಲಿನ ಮಳೆಯ ಲೆಕ್ಕವೇ ಬೇರೆ. ಫುಕೆಟ್ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸಮುದ್ರ ಒರಟು, ಸಮುಯಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಡಿಮಳೆ, ನವೆಂಬರಿನಲ್ಲಂತೂ ಹೆಚ್ಚು. ಟಿಕೆಟ್ ಇನ್ನೂ ಕೊಂಡಿಲ್ಲವಾದರೆ ದಿನಾಂಕ ಮುಂದಕ್ಕೆ ಹಾಕಿ. ಕೊಂಡಾಗಿದ್ದರೆ ಪ್ರತ್ಯೇಕ ಚರ್ಚೆ ಶುರು ಮಾಡಿ, ಮಳೆಯಲ್ಲಿ ಏನು ಮಾಡಬಹುದು ಎಂದು ಅಲ್ಲಿ ಹೇಳುತ್ತೇನೆ.